ಅಫ್ಘಾನ್ ಹೆಸರಿನ ಒಣದ್ರಾಕ್ಷಿ, ಚೀನಾ–ಅಮೆರಿಕ ಪೈಪೋಟಿ: ವ್ಯಾಪಾರ ಒಪ್ಪಂದದೊಳಗೆ ಜಗಳ ಎಲ್ಲಿರುತ್ತದೆ?

ಪ್ರಶ್ನೆ: "ನಾವು ದ್ರಾಕ್ಷಿ ಬೆಳೆಗಾರರು. ಒಣದ್ರಾಕ್ಷಿ ರೇಟ್ ಬಿದ್ದಾಗೆಲ್ಲ, ಚೀನಾದ ಮಾಲು ಅಫ್ಘಾನಿಸ್ತಾನದ ಹೆಸರಿನ್ಯಾಗ ಬರಾಕತ್ತೈತಿ ಅಂತ ಮಾರ್ಕೆಟ್‌ನ್ಯಾಗ ಸುದ್ದಿ. ಭಾರತ ಆರ್‌ಸಿಇಪಿ ಬಿಟ್ಟು ಬಂದಮ್ಯಾಲೂ ಇದು ಹ್ಯಾಂಗ ಸಾಧ್ಯ? ಚೀನಾ, ಅಮೆರಿಕಾ, ರಷ್ಯಾದಂಥಾ ದೊಡ್ಡ ದೇಶಗೋಳು ವ್ಯಾಪಾರ ಒಪ್ಪಂದ ಇಟಕೊಂಡು ಹ್ಯಾಂಗ ಗುದ್ದಾಡ್ತಾವು? ಇದರಾಗ ನಾವು ಮಾಡೂದು ಏನರ ಐತೇನು?" — ತಿಕೋಟಾ, ವಿಜಯಪುರ ಜಿಲ್ಲೆಯ ಓದುಗರು

ಉತ್ತರ:

ನಿಮ್ಮ ಮೂರೂ ಪ್ರಶ್ನೆಗಳು ಬಂದು ನಿಲ್ಲುವುದು ಒಂದೇ ಕಡೆ: ಒಪ್ಪಂದದ ಕೊನೆಯ ಅನುಬಂಧಗಳಲ್ಲಿ ಇರುವ ಮೂಲದ ನಿಯಮದ ಬಳಿ. ಯಾವ ಸರಕನ್ನು ಯಾವ ದೇಶದ್ದೆಂದು ಎಣಿಸಬೇಕು ಎಂದು ಹೇಳುವ ನಿಯಮ ಅದು. ಸುಂಕ ಎಷ್ಟು ಇಳಿಯಿತು ಎಂಬುದು ಪತ್ರಿಕೆಯ ಮೊದಲ ಪುಟದಲ್ಲಿ ಬರುತ್ತದೆ. ಇಳಿದ ಸುಂಕ ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನು ಈ ಅನುಬಂಧ ತೀರ್ಮಾನಿಸುತ್ತದೆ. ದೊಡ್ಡ ದೇಶಗಳು ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತದೆ ಹಣಿಯಲು ನೋಡುವುದೂ ಇಲ್ಲೇ.

ಹಿನ್ನೆಲೆ ಇಷ್ಟು. 1947ರ ಗ್ಯಾಟ್ ಎಂಬ ಜಾಗತಿಕ ಸುಂಕ–ವ್ಯಾಪಾರ ಒಪ್ಪಂದದ 1ನೇ ವಿಧಿಯ ಪ್ರಕಾರ ಒಂದು ಸದಸ್ಯ ದೇಶಕ್ಕೆ ಕೊಟ್ಟ ಸುಂಕದ ಅನುಕೂಲವನ್ನು ಉಳಿದ ಸದಸ್ಯರಿಗೂ ಕೊಡಬೇಕು. ಇಂದಿನ ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯೂಟಿಒ) ನಿಂತಿರುವುದು ಅದರ ಮೇಲೆ. ಅದೇ ಒಪ್ಪಂದದ 24ನೇ ವಿಧಿ ಒಂದು ವಿನಾಯಿತಿ ಕೊಟ್ಟಿದೆ: ಕೆಲವು ದೇಶಗಳು ಕೂಡಿ ತಮ್ಮೊಳಗಿನ ಬಹುತೇಕ ಎಲ್ಲ ವ್ಯಾಪಾರದ ಮೇಲಿನ ಸುಂಕ ತೆಗೆದುಹಾಕಿದರೆ, ಆ ಅನುಕೂಲವನ್ನು ಹೊರಗಿನವರಿಗೆ ಕೊಡಬೇಕಾಗಿಲ್ಲ. ಅಭಿವೃದ್ಧಿಶೀಲ ದೇಶಗಳ ನಡುವಿನ ಒಪ್ಪಂದಗಳಿಗೆ 1979ರಲ್ಲಿ ಇನ್ನಷ್ಟು ಸಡಿಲಿಕೆ ಸಿಕ್ಕಿತು. ಹೊರಗಿಡುವುದಕ್ಕೆ ಹೀಗೆ ಕಾನೂನಿನ ಒಪ್ಪಿಗೆ ಇದೆ. ಎದುರಾಳಿಯನ್ನು ಹೊರಗಿಡಲು ಬಯಸುವವರಿಗೆ ಅಷ್ಟು ಸಾಕು.

ಈಗ ನಿಮ್ಮ ಒಣದ್ರಾಕ್ಷಿಗೆ ಬರೋಣ. ಏಷ್ಯಾ–ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಗೂ ಅಫ್ಘಾನ್ ಮಾಲಿಗೂ ನೇರ ಸಂಬಂಧವಿಲ್ಲ. ಅಫ್ಘಾನಿಸ್ತಾನಕ್ಕೆ ಭಾರತ ಬೇರೆಯೇ ಎರಡು ಬಾಗಿಲು ತೆರೆದಿದೆ. ಒಂದು, 2003ರ ಮಾರ್ಚ್ 6ರಂದು ಸಹಿಯಾದ ಭಾರತ–ಅಫ್ಘಾನಿಸ್ತಾನ ಆದ್ಯತಾ ವ್ಯಾಪಾರ ಒಪ್ಪಂದ. ಅದರಲ್ಲಿ ಅಲ್ಲಿನ 38 ಸರಕುಗಳಿಗೆ ಶೇ 50ರಿಂದ 100ರವರೆಗೆ ಸುಂಕ ರಿಯಾಯಿತಿ ಇದೆ, ಹೆಚ್ಚಿನವು ಹಣ್ಣು ಮತ್ತು ಒಣಹಣ್ಣು. ಎರಡನೆಯದು ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ ಸಾಫ್ಟಾ, 2006ರಿಂದ ಜಾರಿಯಲ್ಲಿದೆ. ಅಫ್ಘಾನಿಸ್ತಾನ 2007ರಲ್ಲಿ ಸಾರ್ಕ್ ಸೇರಿತು. ಸಾಫ್ಟಾದಲ್ಲಿ ಅಫ್ಘಾನಿಸ್ತಾನದಂಥ ಅತಿ ಹಿಂದುಳಿದ ದೇಶಗಳಿಗೆ ರಿಯಾಯಿತಿ ಕೊಡದೆ ಭಾರತ ಕಾಯ್ದಿರಿಸಿಕೊಂಡಿದ್ದ ಪಟ್ಟಿಯನ್ನು 2011ರಲ್ಲಿ 480ರಿಂದ 25 ಸರಕಿಗೆ ಇಳಿಸಲಾಯಿತು. ಉಳಿದದ್ದು ಮದ್ಯ ಮತ್ತು ತಂಬಾಕು ಮಾತ್ರ. ಈ ಎರಡೂ ಒಪ್ಪಂದ ಮಾಡಿಕೊಂಡಿದ್ದರ ಹಿಂದೆ ರಾಜಕೀಯ ಲೆಕ್ಕವಿತ್ತು: ಕಾಬೂಲ್‌ನಲ್ಲಿ ಭಾರತಕ್ಕೆ ಮಾತು ನಡೆಯಬೇಕು, ಅಫ್ಘಾನ್ ರೈತ ಭಾರತದ ಮಾರುಕಟ್ಟೆ ನಂಬಿ ಬದುಕಬೇಕು ಎಂಬುದು. ಆ ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದರ ಖರ್ಚಿನ ಒಂದು ಪಾಲು ತಿಕೋಟಾ, ಇಂಡಿ, ಬಬಲೇಶ್ವರದ ಶೆಡ್ಡುಗಳ ಮೇಲೆ ಬಿದ್ದಿದೆ ಎಂಬುದನ್ನು ದೆಹಲಿ ಒಪ್ಪಿಕೊಳ್ಳಬೇಕು.

ಚೀನಾದ ಒಣದ್ರಾಕ್ಷಿಗೆ ಈ ಬಾಗಿಲಿಲ್ಲ, ಅದು ಪೂರ್ತಿ ಸುಂಕ ಕಟ್ಟಬೇಕು. ವ್ಯತ್ಯಾಸ ಎಷ್ಟಾಗುತ್ತದೆ ಎಂದು ತಿಳಿಯಲು ಲೆಕ್ಕಕ್ಕೆಂದು ಒಂದು ಅಂಕಿ ಇಟ್ಟುಕೊಳ್ಳಿ. ಬಂದರಿನಲ್ಲಿ ಕಿಲೋಗೆ 150 ರೂಪಾಯಿ ಬೀಳುವ ಮಾಲಿಗೆ ಸುಂಕ ಶೇ 100 ಇದ್ದರೆ 300 ಆಗುತ್ತದೆ. ರಿಯಾಯಿತಿ ಸಿಕ್ಕರೆ 150ರಲ್ಲೇ ನಿಲ್ಲುತ್ತದೆ. ಒಂದು ಕಾಗದದಲ್ಲಿ ದೇಶದ ಹೆಸರು ಬದಲಾದರೆ ಕಿಲೋಗೆ 150 ರೂಪಾಯಿ. 10 ಟನ್ನಿನ ಒಂದು ಲಾರಿಗೆ 15 ಲಕ್ಷ. ಸುಂಕದ ಅಂತರ ದೊಡ್ಡದಾದಷ್ಟೂ ಸುಳ್ಳು ಕಾಗದದ ಆಸೆ ದೊಡ್ಡದಾಗುತ್ತದೆ. ಇದು ಎಲ್ಲ ವ್ಯಾಪಾರ ಒಪ್ಪಂದಗಳಲ್ಲೂ ಇರುವ ರೋಗ.

ನಿಯಮ ಸಡಿಲವಾಗಿದೆಯೇ? ಇಲ್ಲ. ಜಗತ್ತಿನ ಎಲ್ಲ ಸರಕಿಗೂ ಎಚ್‌ಎಸ್ ಕೋಡ್ ಎಂಬ ಸಂಖ್ಯೆ ಇದೆ. ಹಸಿ ದ್ರಾಕ್ಷಿ 0806.10, ಒಣದ್ರಾಕ್ಷಿ 0806.20. ಅಲ್ಲೇ ಬೆಳೆದು ಅಲ್ಲೇ ಒಣಗಿಸಿದ್ದರೆ ಅದು ಪೂರ್ತಿ ಅಫ್ಘಾನ್ ಮಾಲು, ತಕರಾರಿಲ್ಲ. ಹೊರಗಿನ ಕಚ್ಚಾ ಮಾಲು ಬಳಸಿದ್ದರೆ ಸಾಫ್ಟಾದ ಸಾಮಾನ್ಯ ನಿಯಮ ಎರಡು ಷರತ್ತು ಹಾಕುತ್ತದೆ: ಕೋಡಿನ ಮೊದಲ ನಾಲ್ಕು ಅಂಕಿ ಬದಲಾಗಬೇಕು, ಜೊತೆಗೆ ಅತಿ ಹಿಂದುಳಿದ ದೇಶವಾದರೆ ಕನಿಷ್ಠ ಶೇ 30 ಮೌಲ್ಯ ಅಲ್ಲೇ ಸೇರಿರಬೇಕು. ಹಸಿ ಮತ್ತು ಒಣ ಎರಡೂ 0806ರೊಳಗೇ ಇವೆ. ಅಂದರೆ ಚೀನಾದಿಂದ ಹಸಿ ದ್ರಾಕ್ಷಿ ತಂದು ಕಂದಹಾರ್‌ನಲ್ಲಿ ಒಣಗಿಸಿದರೂ ಅದು ಅಫ್ಘಾನ್ ಮಾಲಾಗುವುದಿಲ್ಲ. ಚೀನಾದಲ್ಲೇ ಒಣಗಿದ್ದನ್ನು ತಂದು ಚೀಲ ಬದಲಿಸಿದರಂತೂ ಮಾತೇ ಇಲ್ಲ. ನಿಯಮ ಬಿಗಿಯಾಗಿಯೇ ಇದೆ, ಸೋರಿಕೆಯಾದರೆ ಅದು ಸರಕು ಇಂಥ ದೇಶದ್ದೆಂದು ರಫ್ತು ದೇಶ ಕೊಡುವ ಮೂಲ ಪ್ರಮಾಣಪತ್ರದಲ್ಲಿ. ಚೀನಾದ ಷಿನ್‌ಜಿಯಾಂಗ್‌ನ ತುರ್ಪಾನ್‌ನಲ್ಲಿ ಗಾಳಿಗಂಡಿಗಳಿರುವ ಇಟ್ಟಿಗೆ ಕೋಣೆಗಳಲ್ಲಿ ನೆರಳಲ್ಲಿ ಒಣಗಿಸುತ್ತಾರೆ, ಅಫ್ಘಾನಿಸ್ತಾನದಲ್ಲೂ ಹಸಿರು ಕಿಸ್ಮಿಸ್ ನೆರಳಿನದೇ. ಎರಡೂ ಕಡೆ ಸುಗ್ಗಿಯೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಆದ್ದರಿಂದ ಕಸ್ಟಮ್ಸ್ ಅಧಿಕಾರಿ ಕಣ್ಣಿಂದ ನೋಡಿ ಹೇಳುವುದು ಕಷ್ಟ.

ಆರ್‌ಸಿಇಪಿಯಿಂದ ಭಾರತ ಹೊರಬಂದದ್ದೂ ಇದೇ ಹೆದರಿಕೆಯಿಂದ, ಆದರೆ ಅದಕ್ಕಿಂತ ಬಹಳ ದೊಡ್ಡ ಪ್ರಮಾಣದಲ್ಲಿ. ಅದನ್ನು 'ಚೀನಾದ ಒಪ್ಪಂದ' ಎನ್ನುವ ರೂಢಿ ಬೆಳೆದಿದೆ, ಅದು ಸರಿಯಲ್ಲ. ಆರ್‌ಸಿಇಪಿ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಮುಂದಿಟ್ಟ ಯೋಜನೆ. ಅದಕ್ಕೂ ಮುನ್ನ ಎರಡು ನಕ್ಷೆಗಳಿದ್ದವು. ಚೀನಾಕ್ಕೆ ಬೇಕಿದ್ದದ್ದು 13 ದೇಶಗಳ ಕೂಟ: ಆಸಿಯಾನ್‌ನ ಹತ್ತು, ಜೊತೆಗೆ ಚೀನಾ, ಜಪಾನ್, ದಕ್ಷಿಣ ಕೊರಿಯಾ. ಜಪಾನ್ 16 ಆಗಬೇಕು ಎಂದಿತು, ಭಾರತ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕೂಡ ಇರಬೇಕು ಎಂದಿತು. ಸುಂಕದ ಮಾತು ಶುರುವಾಗುವ ಮೊದಲೇ ಸದಸ್ಯರ ಪಟ್ಟಿಯ ಮೇಲೆ ಪೈಪೋಟಿ ನಡೆದಿತ್ತು. ಚೀನಾದ ತೂಕಕ್ಕೆ ಎದುರಾಗಿ ಭಾರತದ ತೂಕ ಇರಲಿ ಎಂಬುದು ಜಪಾನಿನ ಲೆಕ್ಕ. 2012ರ ನವೆಂಬರ್‌ನಲ್ಲಿ 16 ದೇಶಗಳ ಮಾತುಕತೆಗೆ ಚಾಲನೆ ಸಿಕ್ಕಿತು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಹಿಂದೆ ಸರಿಯಿತು. ಉಳಿದ 15 ದೇಶಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು, 2022ರ ಜನವರಿ 1ರಿಂದ ಒಪ್ಪಂದ ಜಾರಿಗೆ ಬಂತು.

ಭಾರತಕ್ಕೆ ಅದರಿಂದ ಹೊಸದಾಗಿ ಸಿಗುವುದು ಏನಿತ್ತು ಎಂದು ನೋಡಿ. ಆಸಿಯಾನ್ ಜೊತೆ ಸರಕು ಒಪ್ಪಂದ 2010ರಿಂದ ಇತ್ತು, ಕೊರಿಯಾ ಜೊತೆಯೂ 2010ರಿಂದ, ಜಪಾನ್ ಜೊತೆ 2011ರಿಂದ. ಉಳಿದವರು ಚೀನಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮಾತ್ರ. ಅಂದರೆ ಆರ್‌ಸಿಇಪಿಗೆ ಸಹಿ ಹಾಕುವುದೆಂದರೆ ಮುಖ್ಯವಾಗಿ ಚೀನಾದ ಜೊತೆ ಮುಕ್ತ ವ್ಯಾಪಾರಕ್ಕೆ ಒಪ್ಪಿದಂತೆ, ಹಾಲಿನ ವಿಷಯದಲ್ಲಿ ನ್ಯೂಜಿಲೆಂಡ್ ಜೊತೆಗೂ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಾಲು ಉತ್ಪಾದಕರ ಸಂಘಗಳಿಗೆ ಈ ಎರಡನೆಯ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಭಾರತ ಚೀನಾಕ್ಕೆ ಕಡಿಮೆ ರಿಯಾಯಿತಿ, ಆಸಿಯಾನ್‌ಗೆ ಹೆಚ್ಚು ಎಂದು ಬೇರೆ ಬೇರೆ ಪಟ್ಟಿ ಕೊಡಲು ನೋಡಿತು. ಹಾಗಾದಾಗ ಚೀನಾದ ಮಾಲು ವಿಯೆಟ್ನಾಂ, ಮಲೇಷ್ಯಾ ದಾರಿಯಲ್ಲಿ ಬರುತ್ತದೆ, ಅದನ್ನು ತಡೆಯುವ ಮೂಲದ ನಿಯಮ ಬಿಗಿಯಾಗಿರಬೇಕು ಎಂದು ಕೇಳಿತು. ಆಮದು ಒಂದು ಮಿತಿ ದಾಟಿದ ಕೂಡಲೆ ತಾನಾಗಿ ಸುಂಕ ಏರುವ ವ್ಯವಸ್ಥೆ ಕೇಳಿತು. ಸುಂಕ ಇಳಿಸಲು 2014ರ ಬದಲು 2019ರ ದರಗಳನ್ನು ಆಧಾರವಾಗಿ ಹಿಡಿಯಿರಿ ಎಂದೂ ಕೇಳಿತು, ಏಕೆಂದರೆ ನಡುವೆ ಎಲೆಕ್ಟ್ರಾನಿಕ್ಸ್ ಮೇಲಿನ ಸುಂಕ ಏರಿಸಿತ್ತು. ಕೇಳಿದ್ದು ಸಿಗಲಿಲ್ಲ.

ಹೊರಬಂದದ್ದರಿಂದ ಚೀನಾ ಜೊತೆಗಿನ ಕೊರತೆ ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು. 2018–19ರಲ್ಲಿ ಸುಮಾರು 53 ಶತಕೋಟಿ ಡಾಲರ್ ಇದ್ದ ಆ ಕೊರತೆ 2024–25ರಲ್ಲಿ ಸುಮಾರು 99 ಶತಕೋಟಿ ಮುಟ್ಟಿತು. ಔಷಧದ ಕಚ್ಚಾ ಸಾಮಗ್ರಿ, ಎಲೆಕ್ಟ್ರಾನಿಕ್ ಬಿಡಿಭಾಗ, ಸೋಲಾರ್ ಫಲಕ, ಯಂತ್ರಗಳನ್ನು ಸುಂಕ ಕಟ್ಟಿಯಾದರೂ ಕೊಳ್ಳುವವರಿದ್ದಾರೆ. ಒಪ್ಪಂದದ ಹೊರಗಿರುವುದು ನಮ್ಮ ದ್ರಾಕ್ಷಿ, ಹಾಲಿಗೆ ರಕ್ಷಣೆ ಕೊಡುತ್ತದೆ. ನಾವು ತಯಾರಿಸದ ವಸ್ತುವನ್ನು ತಯಾರಿಸಿ ಕೊಡುವುದಿಲ್ಲ.

ಒಂದೇ ಕಾರ್ಖಾನೆಯನ್ನು ಎರಡು ಒಪ್ಪಂದಗಳು ಎರಡು ಕಡೆ ಎಳೆಯುವುದನ್ನು ನೋಡಬೇಕಾದರೆ ವಿಯೆಟ್ನಾಮಿನ ಸಿದ್ಧ ಉಡುಪು ತಯಾರಕರನ್ನು ಗಮನಿಸಿ. ಪೆಸಿಫಿಕ್ ಸಾಗರದ ಸುತ್ತಲಿನ ದೇಶಗಳ ಟಿಪಿಪಿ ಎಂಬ ವ್ಯಾಪಾರ ಒಪ್ಪಂದಕ್ಕೆ 2016ರ ಫೆಬ್ರುವರಿ 4ರಂದು ಅಮೆರಿಕ ಸೇರಿ 12 ದೇಶಗಳು ಸಹಿ ಹಾಕಿದವು. ಅದರಲ್ಲಿ ಬಟ್ಟೆಗೆ ಇದ್ದ ಸಾಮಾನ್ಯ ನಿಯಮ: ನೂಲಿನಿಂದ ಹಿಡಿದು ಹೊಲಿಗೆಯವರೆಗೆ ಎಲ್ಲವೂ ಸದಸ್ಯ ದೇಶಗಳೊಳಗೇ ಆಗಿರಬೇಕು. ವಿಯೆಟ್ನಾಂ ಚೀನಾದ ಬಟ್ಟೆಯನ್ನು ತರಿಸಿ ಹೊಲಿಯುತ್ತಿತ್ತು. ಅಮೆರಿಕಕ್ಕೆ ಸುಂಕವಿಲ್ಲದೆ ಅಂಗಿ ಕಳಿಸಬೇಕೆಂದರೆ ಚೀನಾದ ನೂಲು, ಬಟ್ಟೆ ಬಿಡಬೇಕು. ಇಡೀ ನಿಯಮದಲ್ಲಿ ಚೀನಾ ಎಂಬ ಹೆಸರೇ ಇಲ್ಲ, ಪೆಟ್ಟು ಮಾತ್ರ ನೇರವಾಗಿ ಅಲ್ಲಿಗೇ ಬೀಳುತ್ತಿತ್ತು. ಆದರೆ 2017ರ ಜನವರಿ 23ರಂದು ಅಮೆರಿಕವೇ ಹೊರನಡೆಯಿತು. ಉಳಿದ 11 ದೇಶಗಳು 22 ಕಲಮುಗಳನ್ನು ತಡೆಹಿಡಿದು ಅದನ್ನೇ ಸಿಪಿಟಿಪಿಪಿ ಎಂದು 2018ರಲ್ಲಿ ಜಾರಿಗೊಳಿಸಿದವು. ನಿಯಮ ಉಳಿಯಿತು, ಅದನ್ನು ಪಾಲಿಸುವಂತೆ ಮಾಡುತ್ತಿದ್ದ ಅಮೆರಿಕದ ಮಾರುಕಟ್ಟೆ ಹೋಯಿತು. ಆರ್‌ಸಿಇಪಿ ಇದರ ಎದುರು ದಿಕ್ಕಿನದು. ಬಹಳಷ್ಟು ಸರಕಿಗೆ ಕೋಡು ಬದಲಾವಣೆ ಅಥವಾ ಶೇ 40 ವಲಯದ ಮೌಲ್ಯ ಸಾಕು, ಮೇಲಾಗಿ ಚೀನಾದ ಕಚ್ಚಾ ಮಾಲೂ ವಲಯದ್ದೇ ಎಂದು ಲೆಕ್ಕಕ್ಕೆ ಬರುತ್ತದೆ. ಚೀನಾವನ್ನು ನಡುವೆ ಇಟ್ಟುಕೊಂಡ ಪೂರೈಕೆ ಸರಪಳಿ ಆ ಒಂದು ಕಲಮಿನಿಂದ ಗಟ್ಟಿಯಾಯಿತು.

ಚೀನಾ 2021ರ ಸೆಪ್ಟೆಂಬರ್ 16ರಂದು ಸಿಪಿಟಿಪಿಪಿ ಸೇರಲು ಅರ್ಜಿ ಹಾಕಿತು. ಆರು ದಿನಕ್ಕೆ ತೈವಾನ್ ಹಾಕಿತು. ಒಬ್ಬ ಸದಸ್ಯ ಬೇಡವೆಂದರೂ ಅರ್ಜಿ ಮುಂದೆ ಸಾಗುವುದಿಲ್ಲ. ಸರ್ಕಾರಿ ಕಂಪನಿಗಳಿಗೆ ಕೊಡುವ ನೆರವು, ದತ್ತಾಂಶ ಗಡಿ ದಾಟುವುದು, ಕಾರ್ಮಿಕ ಸಂಘ ಕಟ್ಟುವ ಹಕ್ಕು ಈ ಅಧ್ಯಾಯಗಳು ಚೀನಾಕ್ಕೆ ಗಂಟಲಿನಲ್ಲಿ ಸಿಕ್ಕಿಕೊಳ್ಳುವಂಥವು.

ಅಮೆರಿಕ ತನ್ನ ನೆರೆಯವರನ್ನು ಕಟ್ಟಿಹಾಕಿದ್ದು ಇನ್ನೂ ನೇರವಾಗಿ. ಅಮೆರಿಕ, ಮೆಕ್ಸಿಕೊ, ಕೆನಡಾ ನಡುವೆ 2020ರ ಜುಲೈ 1ರಿಂದ ಜಾರಿಯಲ್ಲಿರುವ ಒಪ್ಪಂದದ 32.10ನೇ ವಿಧಿಯನ್ನು ನೋಡಿ. 'ಮಾರುಕಟ್ಟೆ ಆರ್ಥಿಕತೆಯಲ್ಲದ' ದೇಶದ ಜೊತೆ, ಅಂದರೆ ಅಮೆರಿಕದ ಲೆಕ್ಕದಲ್ಲಿ ಚೀನಾದಂಥ ದೇಶದ ಜೊತೆ, ಮುಕ್ತ ವ್ಯಾಪಾರದ ಮಾತುಕತೆ ಶುರು ಮಾಡುವ ಮೂರು ತಿಂಗಳ ಮುಂಚೆ ಉಳಿದ ಇಬ್ಬರಿಗೆ ತಿಳಿಸಬೇಕು, ಸಹಿಗೆ 30 ದಿನ ಮೊದಲು ಕರಡು ತೋರಿಸಬೇಕು. ಸಹಿ ಹಾಕಿದರೆ, ಉಳಿದ ಇಬ್ಬರು ಆರು ತಿಂಗಳ ನೋಟಿಸ್ ಕೊಟ್ಟು ಅವನನ್ನು ಬಿಟ್ಟು ತಾವಿಬ್ಬರೇ ಒಪ್ಪಂದ ಮುಂದುವರಿಸಬಹುದು. ಸಿಪಿಟಿಪಿಪಿಯಲ್ಲಿ ಚೀನಾದ ಅರ್ಜಿಗೆ ಹೂಂ ಅನ್ನುವ ಮುನ್ನ ಅದರ ಸದಸ್ಯರೂ ಆಗಿರುವ ಕೆನಡಾ, ಮೆಕ್ಸಿಕೊ ಎರಡೂ ಈ ಕಲಮನ್ನು ಓದಿಕೊಳ್ಳಲೇಬೇಕು.

ಅದೇ ಒಪ್ಪಂದದ ಕಾರು ನಿಯಮ ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳಂಥವರಿಗೂ ತಾಗುವಂಥದ್ದು. ಕಾರಿನ ಮೌಲ್ಯದಲ್ಲಿ ಆ ಮೂರು ದೇಶಗಳ ಪಾಲು ಶೇ 62.5ರಿಂದ 75ಕ್ಕೆ ಏರಿತು. ಉಕ್ಕು, ಅಲ್ಯೂಮಿನಿಯಂ ಖರೀದಿಯ ಶೇ 70 ಅಲ್ಲಿಂದಲೇ ಆಗಬೇಕು. ಮೌಲ್ಯದ ಶೇ 40ರಷ್ಟು ಗಂಟೆಗೆ ಸರಾಸರಿ 16 ಡಾಲರ್ ಕೂಲಿ ಕೊಡುವ ಘಟಕಗಳದ್ದಾಗಿರಬೇಕು. ಮೆಕ್ಸಿಕೊದ ಎಂಜಿನ್ ತಯಾರಕ ಹೊರಗಿನಿಂದ ಎರಕದ ಬಿಡಿಭಾಗ ಕೊಂಡರೆ, ಅದು ಚೀನಾದ್ದಾಗಲಿ ಬೆಳಗಾವಿಯದ್ದಾಗಲಿ, 'ಹೊರಗಿನ ಮೌಲ್ಯ'. ಚೀನಾದ ಮೇಲೆ ಗುರಿಯಿಟ್ಟ ನಿಯಮ ನಮ್ಮವರನ್ನೂ ಅದೇ ಸಾಲಿಗೆ ನಿಲ್ಲಿಸುತ್ತದೆ. ಇಂಥ ನಿಯಮ ಕೆಲಸ ಮಾಡದಿರುವ ಸಂದರ್ಭವೂ ಇದೆ. ಒಪ್ಪಂದ ಜಾರಿಗೆ ಬಂದಾಗ ಅಮೆರಿಕದ ಸಾಮಾನ್ಯ ಕಾರು ಸುಂಕ ಶೇ 2.5 ಮಾತ್ರ. ಇಷ್ಟೆಲ್ಲ ಲೆಕ್ಕಪತ್ರ ಇಡುವ ಬದಲು ಆ ಸುಂಕ ಕಟ್ಟಿಬಿಡುವುದೇ ಅಗ್ಗವೆಂದು ಕಂಪನಿಗೆ ಕಂಡರೆ ನಿಯಮ ಪುಸ್ತಕದಲ್ಲೇ ಉಳಿಯುತ್ತದೆ. ಶೇ 25 ಸುಂಕವಿದ್ದ ಪಿಕಪ್ ಲಾರಿಗಳಿಗೆ ಅದೇ ನಿಯಮ ಉಸಿರುಗಟ್ಟಿಸುವಂಥದ್ದು.

ರಷ್ಯಾದ ಕತೆ ಬೇರೆ ರೀತಿಯದು, ಅದರಲ್ಲಿ ಒಂದು ತಾಂತ್ರಿಕ ಅಂಶ ಯುದ್ಧದ ಹೊಸ್ತಿಲವರೆಗೆ ಹೋಯಿತು. ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಪ್ರತಿ ದೇಶ ಹೊರಗಿನವರಿಗೆ ತನ್ನದೇ ಸುಂಕ ಇಟ್ಟುಕೊಳ್ಳುತ್ತದೆ, ಹಾಗಾಗಿ ಒಂದು ದೇಶ ಎಷ್ಟು ಒಪ್ಪಂದಗಳಲ್ಲಾದರೂ ಇರಬಹುದು. ಸುಂಕ ಒಕ್ಕೂಟದಲ್ಲಿ ಎಲ್ಲರದ್ದೂ ಒಂದೇ ಹೊರಸುಂಕ. ಒಬ್ಬನೇ ಹೊರಗಿನವರ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಳ್ಳಲಾಗುವುದಿಲ್ಲ. ರಷ್ಯಾ ಕಟ್ಟುತ್ತಿದ್ದದ್ದು ಸುಂಕ ಒಕ್ಕೂಟ. ಯುರೋಪಿಯನ್ ಒಕ್ಕೂಟ ಉಕ್ರೇನ್‌ಗೆ ಕೊಡಲು ಬಂದದ್ದು ಮುಕ್ತ ವ್ಯಾಪಾರ ಒಪ್ಪಂದ. ಎರಡನ್ನೂ ಹಿಡಿಯುವುದು ಕಾನೂನಿನಲ್ಲೇ ಅಸಾಧ್ಯವಿತ್ತು. ಅರ್ಮೇನಿಯಾ 2013ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಕಡೆ ವಾಲಿತು. ಉಕ್ರೇನ್ ಅಧ್ಯಕ್ಷ ಯಾನುಕೋವಿಚ್ ಅದೇ ವರ್ಷ ನವೆಂಬರ್‌ನಲ್ಲಿ ಯುರೋಪ್ ಜೊತೆಗಿನ ಸಹಿಯಿಂದ ಹಿಂದೆ ಸರಿದರು, ಕೀವ್‌ನಲ್ಲಿ ಜನ ಬೀದಿಗಿಳಿದರು, 2014ರ ಫೆಬ್ರುವರಿಯಲ್ಲಿ ಅವರು ದೇಶ ಬಿಟ್ಟರು, ಕ್ರಿಮಿಯಾ ರಷ್ಯಾದ ಕೈಗೆ ಹೋಯಿತು. ಯುದ್ಧಕ್ಕೆ ಕಾರಣ ವ್ಯಾಪಾರ ಒಪ್ಪಂದವೊಂದೇ ಎಂದರೆ ತಪ್ಪಾಗುತ್ತದೆ. ಆದರೆ ಎರಡರ ನಡುವೆ ಬದುಕುವ ದಾರಿಯನ್ನು ಆ ಒಪ್ಪಂದಗಳ ರಚನೆಯೇ ಮುಚ್ಚಿತ್ತು.

ಒಪ್ಪಂದ ಇದ್ದರೆ ಬಲವಂತ ನಿಲ್ಲುತ್ತದೆ ಎಂಬ ನಂಬಿಕೆಯೂ ಬೇಡ. ಚೀನಾ–ಆಸ್ಟ್ರೇಲಿಯಾ ಮುಕ್ತ ವ್ಯಾಪಾರ ಒಪ್ಪಂದ 2015ರ ಡಿಸೆಂಬರ್‌ನಿಂದ ಇದೆ. ಕೋವಿಡ್ ಹೇಗೆ ಹುಟ್ಟಿತೆಂದು ತನಿಖೆಯಾಗಲಿ ಎಂದು ಆಸ್ಟ್ರೇಲಿಯಾ ಕೇಳಿದ ಮೇಲೆ, 2020ರ ಮೇ ತಿಂಗಳಲ್ಲಿ ಅಲ್ಲಿನ ಬಾರ್ಲಿಯ ಮೇಲೆ ಚೀನಾ ಶೇ 80.5 ಸುಂಕ ಹಾಕಿತು. ಮರುವರ್ಷ ವೈನ್ ಮೇಲೆ ಶೇ 218ರವರೆಗೂ ಹೋಯಿತು. ಮುಖ್ಯವಾಗಿ ಸುರಿವಿಕೆ ತಡೆ ಸುಂಕ (ಆ್ಯಂಟಿ-ಡಂಪಿಂಗ್, ಅಂದರೆ ತೀರಾ ಅಗ್ಗಕ್ಕೆ ತಂದು ಸುರಿಯುವ ಮಾಲಿನ ಮೇಲಿನ ಸುಂಕ) ಎಂಬ ಹೆಸರಲ್ಲಿ ಹಾಕಿದ್ದರಿಂದ ಒಪ್ಪಂದ ಅಡ್ಡ ಬರಲಿಲ್ಲ. ಅಂಥ ಸುಂಕದ ಹಕ್ಕನ್ನು ಹೆಚ್ಚಿನ ಒಪ್ಪಂದಗಳು ಹಾಗೇ ಉಳಿಸಿಕೊಂಡಿರುತ್ತವೆ. ಬಾರ್ಲಿ ಸುಂಕ ಹೋದದ್ದು 2023ರ ಆಗಸ್ಟ್‌ನಲ್ಲಿ, ವೈನ್‌ನದು 2024ರ ಮಾರ್ಚ್‌ನಲ್ಲಿ. ಒಂದೇ ದೊಡ್ಡ ಗಿರಾಕಿಯನ್ನು ನಂಬಿ ತೋಟ ಹಾಕಿದವರು ಆ ಮೂರು ವರ್ಷ ಹೇಗೆ ಕಳೆದಿರಬಹುದು ಎಂಬುದನ್ನು ನೀವು ಊಹಿಸಬಲ್ಲಿರಿ.

ಈಗ ನೀವು ಮಾಡಬಹುದಾದದ್ದು. ಮೊದಲು 'ಚೀನಾ ಮಾಲು' ಎಂಬ ಒಂದೇ ಮಾತನ್ನು ಮೂರಾಗಿ ಒಡೆಯಿರಿ, ಏಕೆಂದರೆ ಮೂರಕ್ಕೂ ಬೇರೆ ಬೇರೆ ಕಚೇರಿ. ಗಡಿಯಲ್ಲಿ ಕದ್ದು ಬರುವುದು ಕಳ್ಳಸಾಗಣೆ. ಅದಕ್ಕೆ ಒಪ್ಪಂದದ ಸಂಬಂಧವೇ ಇಲ್ಲ, ದೂರು ಕಂದಾಯ ಗುಪ್ತಚರ ನಿರ್ದೇಶನಾಲಯಕ್ಕೆ (ಡಿಆರ್‌ಐ) ಹೋಗಬೇಕು. ಸುಳ್ಳು ಮೂಲ ಪ್ರಮಾಣಪತ್ರದಲ್ಲಿ ಬರುವುದು ಕಸ್ಟಮ್ಸ್ ಕಾಯ್ದೆಯ 28ಡಿಎ ಕಲಮು ಮತ್ತು 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ಕ್ಯಾರೊಟಾರ್ ನಿಯಮಗಳ (ಒಪ್ಪಂದದ ರಿಯಾಯಿತಿ ಕೇಳುವ ಸರಕಿನ ಮೂಲ ಪರಿಶೀಲಿಸುವ ನಿಯಮಗಳು) ವ್ಯಾಪ್ತಿಗೆ ಬರುತ್ತದೆ. ಮೂರನೆಯದು ನಿಜವಾದ ಅಫ್ಘಾನ್ ಮಾಲು, ಅದು ಕಾನೂನುಬದ್ಧ. ಬಂದ ಮಾಲೆಲ್ಲ ಚೀನಾದ್ದು ಎಂದು ಬರೆದ ಅರ್ಜಿ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ.

ಕ್ಯಾರೊಟಾರ್ ಬಂದ ಮೇಲೆ ಭಾರ ಆಮದುದಾರನ ಮೇಲಿದೆ. ಪ್ರಮಾಣಪತ್ರ ತೋರಿಸಿದರೆ ಮುಗಿಯಲಿಲ್ಲ. ಸರಕು ಹೇಗೆ ಆ ದೇಶದ್ದಾಯಿತು ಎಂಬ ವಿವರವನ್ನು ಅವನು ನಮೂನೆ 1ರಲ್ಲಿ ಇಟ್ಟುಕೊಂಡಿರಬೇಕು, ಐದು ವರ್ಷ ಕಾಯ್ದಿಡಬೇಕು. ಅಧಿಕಾರಿ ಕೇಳಿದರೆ 10 ಕೆಲಸದ ದಿನಗಳಲ್ಲಿ ಕೊಡಬೇಕು. ಅನುಮಾನ ಉಳಿದರೆ ಕಸ್ಟಮ್ಸ್ ರಫ್ತು ದೇಶದ ಅಧಿಕಾರಿಗಳಿಗೇ ಬರೆದು ಕೇಳಬಹುದು. ನಡೆಯದೇ ಹೋಗುವುದು ಇಲ್ಲೇ: ಕಾಬೂಲ್‌ನಲ್ಲಿ ಆಡಳಿತ ಬದಲಾದ ಮೇಲೆ ಕಾಗದದ ಪರಿಶೀಲನೆ ಸುಲಭವಿಲ್ಲ. ಹಾಗಾಗಿ ಪ್ರಯೋಗಾಲಯ ಪರೀಕ್ಷೆಗೆ ಒತ್ತಾಯಿಸಿ. ಹಣ್ಣು ಬೆಳೆದ ನೀರು, ಮಣ್ಣಿನ ಗುರುತು ಅದರ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಮತ್ತು ಸೂಕ್ಷ್ಮ ಖನಿಜಗಳ ಪ್ರಮಾಣದಲ್ಲಿ ಉಳಿದಿರುತ್ತದೆ. ಆದರೆ ಹೋಲಿಸಿ ನೋಡಲು ನಿಜವಾದ ಅಫ್ಘಾನ್ ಮತ್ತು ತುರ್ಪಾನ್ ಮಾದರಿಗಳು ಮೊದಲೇ ಸಂಗ್ರಹವಾಗಿರಬೇಕು, ಇಲ್ಲದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ.

ದೂರಿಗೆ ಅಂಕಿ ಬೇಕು. ವಾಣಿಜ್ಯ ಸಚಿವಾಲಯದ ಆಮದು–ರಫ್ತು ದತ್ತಾಂಶ ತಾಣದಲ್ಲಿ 080620 ಹಾಕಿ ದೇಶವಾರು ಪ್ರಮಾಣ ಮತ್ತು ಮೌಲ್ಯ ತೆಗೆಯಿರಿ. ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿದರೆ ಕಿಲೋ ದರ ಸಿಗುತ್ತದೆ. ಹಿಂದಿನ ವರ್ಷಗಳಿಗಿಂತ ಪ್ರಮಾಣ ದಿಢೀರನೆ ಏರಿ, ಅದೇ ಹೊತ್ತಿಗೆ ದರ ಇಳಿದಿದ್ದರೆ ಅದು ತನಿಖೆಗೆ ತಕ್ಕ ಸುಳಿವು. ಅದರ ಜೊತೆಗೆ ವಿಜಯಪುರ ಮತ್ತು ತಾಸಗಾಂವ ಮಾರುಕಟ್ಟೆಯ ಅದೇ ತಿಂಗಳ ಹರಾಜು ದರ, ಸಂಶಯದ ಚೀಲದ ಮೇಲಿನ ಬ್ಯಾಚ್ ಸಂಖ್ಯೆ, ಬಾಕ್ಸಿನ ಫೋಟೋ, ಕೊಂಡ ಬಿಲ್ಲು ಸೇರಿಸಿ.

ಸುರಿವಿಕೆ ತಡೆ ಸುಂಕ ಬೇಕೆಂದು ವಾಣಿಜ್ಯ ಸಚಿವಾಲಯದ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯಕ್ಕೆ (ಡಿಜಿಟಿಆರ್) ಹೋಗುವ ಮಾತು ಸಭೆಗಳಲ್ಲಿ ಬರುವುದುಂಟು. ಅದಕ್ಕೆ ಅರ್ಜಿಯ ಪರವಾಗಿ ನಿಲ್ಲುವವರು ದೇಶದ ಒಟ್ಟು ಉತ್ಪಾದನೆಯ ಕನಿಷ್ಠ ಶೇ 25 ಹೊಂದಿರಬೇಕು, ವಿರೋಧಿಸುವವರಿಗಿಂತ ಹೆಚ್ಚೂ ಇರಬೇಕು. ವಿಜಯಪುರ ಒಂದೇ ಹೋದರೆ ಸಾಲದು. ಸಾಂಗಲಿ, ಸೋಲಾಪುರ, ನಾಸಿಕ್‌ನ ಬೆಳೆಗಾರರ ಸಂಘಗಳು ಒಟ್ಟಾಗಬೇಕು, ಖರ್ಚು, ಮಾರಾಟ, ನಷ್ಟದ ಲೆಕ್ಕ ಒಂದೇ ನಮೂನೆಯಲ್ಲಿರಬೇಕು. ಮೇಲಾಗಿ ಆ ಸುಂಕ ಬೀಳುವುದು ಹೆಸರಿಸಿದ ದೇಶದ ಮಾಲಿಗೆ. ಚೀನಾದ ಮೇಲೆ ಹಾಕಿಸಿಕೊಂಡರೆ, ಅಫ್ಘಾನ್ ಕಾಗದದಲ್ಲಿ ಬರುವ ಮಾಲಿಗೆ ಅದು ತಾಗುವುದೇ ಇಲ್ಲ. ಆದ್ದರಿಂದ ನಿಮ್ಮ ಶಕ್ತಿಯನ್ನು ಮೊದಲು 28ಡಿಎ ಪರಿಶೀಲನೆಗೆ ಹಾಕಿ. ಒಬ್ಬ ರಫ್ತುದಾರನ ಒಂದು ಸರಕಿನ ಮೂಲ ಸುಳ್ಳೆಂದು ಸಾಬೀತಾದರೆ, ಅವನ ಅದೇ ಬಗೆಯ ಉಳಿದ ಸರಕಿಗೂ ರಿಯಾಯಿತಿ ನಿರಾಕರಿಸುವ ಅಧಿಕಾರ ಆ ಕಲಮಿನಲ್ಲೇ ಇದೆ.